ಕಲಗಚ್ಚಿನ ಹಂಡೆಯಲ್ಲಿ ಅದ್ದಿದ ಸೀರೆ

ಟೀವಿಯವರು ನಮ್ಮೂರಿಗೆ ಬಂದದ್ದು ನಮ್ಮ ಮುಖ ನೋಡಿ ಅಲ್ಲ, ನಮ್ಮ ಬಿಳಿಕಪ್ಪಿನ ಆಸೆಗೆ. ಚರ್ಚಿನ ಗೋಪುರಕ್ಕೆ ಕ್ರಿಸ್‌ಮಸ್ಸಿನ ಕಾಗದದ ನಕ್ಷತ್ರ ಏರಿಸಿದ ಸಂಜೆ ಇಲ್ಲಿ ಬಣ್ಣಗಳು ಹೋಗುತ್ತವೆ, ಹಬ್ಬದ ದಿನ ಬೆಳಗಾಗುವಾಗ ಮರಳಿ ಬರುತ್ತವೆ. ನಡುವಿನ ದಿನಗಳಿಗೆ ನಾವು ಬಿಳಿಕಪ್ಪು ಎನ್ನುತ್ತೇವೆ. ಹಳೇ ಕಾಲದ ಇಂಗ್ಲಿಷ್ ಪಿಕ್ಚರಿನ ಹಾಗೆ ಒಂದು ಕ್ರಿಸ್‌ಮಸ್ ಪ್ರೇಮಕಥೆ ತೆಗೆಯಬೇಕೆಂದು ಹೊರಟ ಡೈರೆಕ್ಟರಿಗೆ ಯಾರೋ ಈ ವಿಷಯ ಹೇಳಿದ್ದರು. ಆತ ಬಸ್‌ಸ್ಟ್ಯಾಂಡಿನಲ್ಲಿ ಇಳಿದು, ಕನ್ನಡಕ ತೆಗೆದು, ಕಣ್ಣುಜ್ಜಿಕೊಂಡು, ಇಲ್ಲೇ ಇರೋಣ ಎಂದನಂತೆ.

ಹೊರಗಿನವರಿಗೆ ಅದು ಅಚ್ಚರಿ, ನಮಗೆ ಅಭ್ಯಾಸ. ಬಿಳಿಕಪ್ಪಿನಲ್ಲಿ ತರಕಾರಿಯವಳು ಟೊಮೆಟೊ ಮೂಸಿ ಕೊಡುತ್ತಾಳೆ, ಮೂಸಲು ನಮಗೂ ಬಿಡುತ್ತಾಳೆ. ಕಾಮಾಲೆ ಇದೆಯೋ ಇಲ್ಲವೋ ಹಬ್ಬ ಕಳೆದ ಮೇಲೆ ನೋಡೋಣ ಎಂದು ಡಾಕ್ಟರು ರೋಗಿಗಳನ್ನು ಹಿಂದಕ್ಕೆ ಕಳಿಸುತ್ತಾರೆ. ಗೋದಲಿ ಕಟ್ಟುವ ಮಕ್ಕಳು ಕುರಿಗಳಿಗೆ ಯಾವ ಬಣ್ಣ ಬಳಿದರೂ ಬೈಯುವವರಿಲ್ಲ. ಹಬ್ಬದ ದಿನ ನೋಡಿದರೆ ಒಂದು ಕುರಿ ನೇರಳೆ, ಒಂದು ಹಸಿರು, ಬಾಲಯೇಸು ಅವುಗಳ ನಡುವೆ ಆರಾಮಾಗಿ ಮಲಗಿರುತ್ತಾನೆ.

ಎಲ್ಲರಿಗಿಂತ ಕಷ್ಟ ನನ್ನ ಕಸುಬಿಗೆ. ನಾನು ಬಣ್ಣ ಅದ್ದುವವಳು. ಅಪ್ಪ ಇನ್ನಾಸಪ್ಪ ಬಿಟ್ಟುಹೋದ ಏಳು ತಾಮ್ರದ ಹಂಡೆಗಳು ಚರ್ಚಿನ ಹಿಂದಿನ ನಮ್ಮ ಹಿತ್ತಿಲಲ್ಲಿವೆ. ಬಿಳಿಕಪ್ಪಿನಲ್ಲಿ ಆರು ಹಂಡೆಗಳ ನೀರೂ ಒಂದೇ ಥರ ಕಾಣುತ್ತದೆ, ಆದರೆ ಕೆಂಪಿಗೆ ಹಾಕುವ ಮಂಜಿಷ್ಠದ ಬೇರು ಕುದಿಯುವ ವಾಸನೆಯೇ ಬೇರೆ, ದಾಳಿಂಬೆ ಸಿಪ್ಪೆಯದೇ ಬೇರೆ. ಮೂಗು ಇದ್ದರೆ ಸಾಕು. ಏಳನೆಯದಕ್ಕೆ ಮೂಗೂ ಬೇಡ, ಬೀದಿಯ ತುದಿಗೇ ಗೊತ್ತಾಗುತ್ತದೆ. ಉಳಿದ ಹಂಡೆಗಳ ಚರಟವನ್ನೆಲ್ಲ ಅದಕ್ಕೆ ಸುರಿಯುತ್ತೇವೆ. ಕಲಗಚ್ಚಿನ ಹಂಡೆ ಎಂದು ಅದರ ಹೆಸರು. ಗೋಣಿತಾಟು, ಕಾಲೊರೆಸುವ ಬಟ್ಟೆ ಅದರಲ್ಲಿ ಅದ್ದುತ್ತೇವೆ. ಕೆಸರೂ ಅಲ್ಲದ ಸಗಣಿಯೂ ಅಲ್ಲದ ಒಂದು ಬಣ್ಣ ಬರುತ್ತದೆ. ಎಷ್ಟು ಒಗೆದರೂ ಹೋಗುವುದಿಲ್ಲ, ಅದರ ಮೇಲೆ ಬೇರೆ ಬಣ್ಣ ಕೂರುವುದೂ ಇಲ್ಲ.

ವರ್ಷದಲ್ಲಿ ನನಗೆ ಹೆಚ್ಚು ಕೆಲಸ ಬರುವುದೂ ಬಿಳಿಕಪ್ಪಿನಲ್ಲೇ. ನಮ್ಮೂರಲ್ಲಿ ಗಂಡು ತಾನು ಮೆಚ್ಚಿದ ಹೆಣ್ಣಿಗೆ ಸೀರೆ ಕೊಟ್ಟು ಕೇಳುವುದು ಆ ದಿನಗಳಲ್ಲಿ. ಬಿಳಿ ಸೀರೆ ತಂದು ಅದ್ದುವವರ ಕಿವಿಯಲ್ಲಿ ಬಣ್ಣ ಹೇಳಿ ಹೋಗುತ್ತಾನೆ. ಹೆಣ್ಣಿಗೆ ಬಣ್ಣ ಗೊತ್ತಾಗಬಾರದು. ಮನಸ್ಸಿದ್ದರೆ ಅವಳು ಹಬ್ಬದ ಬೆಳಗ್ಗೆ ಅದನ್ನುಟ್ಟು ಚರ್ಚಿನ ಮೆಟ್ಟಿಲ ಮೇಲೆ ನಿಲ್ಲುತ್ತಾಳೆ. ಬೆಳಕು ಬಂದಾಗ ಏನು ಬಂತೋ ಅದು. ಆಮೇಲೆ ಕೊಂಕು ತೆಗೆಯುವಂತಿಲ್ಲ. ಉಡದಿದ್ದರೆ ಒಲ್ಲೆ ಎಂದ ಹಾಗೆ, ಅದೇ ಗಂಡು ಮತ್ತೆ ಕೇಳುವಂತಿಲ್ಲ. ನಮ್ಮ ಚಿಕ್ಕಮ್ಮ ಬದನೆಕಾಯಿ ಬಣ್ಣ ಉಟ್ಟು ನಿಂತವಳು, ಈಗಲೂ ಚಿಕ್ಕಪ್ಪನಿಗೆ ಬದನೆಕಾಯಿ ಪಲ್ಯ ಬಡಿಸುವಾಗ ಒಂದು ನಗು ನಗುತ್ತಾಳೆ. ನಾನು ಮಾತ್ರ ನೂರಾರು ಹೆಣ್ಣುಗಳ ಸೀರೆ ಅದ್ದಿ, ನಲವತ್ತಾರು ದಾಟಿದರೂ ಆ ಮೆಟ್ಟಿಲು ಹತ್ತಿರಲಿಲ್ಲ.

ಅದಕ್ಕೆ ಕಾರಣ ರಾಯಪ್ಪ. ಪ್ಯಾಲೇಸ್ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುವ ರಾಯಪ್ಪ ನನಗಿಂತ ಮೂರು ವರ್ಷ ದೊಡ್ಡವನು, ಶಾಲೆಯಲ್ಲಿ ಗಿಳಿಗೆ ಕೆಂಪು, ಅದರ ಕೊಕ್ಕಿಗೆ ಹಸಿರು ಬಳಿದು ಮೇಷ್ಟರ ಕೈಲಿ ಏಟು ತಿಂದವನು. ಅವನ ಕಣ್ಣಿಗೆ ಕೆಂಪು, ಹಸಿರು, ಕಂದು ಎಲ್ಲ ಒಂದೇ. ಹುಟ್ಟಿದಾಗಿನಿಂದ ಹಾಗೆ. ಇಡೀ ಊರಿಗೆ ಅವನ ಕಣ್ಣು ಬರುವುದು ಬಿಳಿಕಪ್ಪಿನಲ್ಲಿ, ಆಗ ಅವನು ಎದೆ ಸೆಟೆಸಿ ಓಡಾಡುತ್ತಾನೆ. ಟಾಕೀಸಿನಲ್ಲಿ ಆ ದಿನಗಳಲ್ಲಿ ಹಳೆಯ ಇಂಗ್ಲಿಷ್ ಪಿಕ್ಚರುಗಳ ಡಬ್ಬಿ ಬಿಚ್ಚುತ್ತಾನೆ. ಹ್ಯಾಟು ಹಾಕಿದ ಗಂಡಸರು, ಬೆನ್ನು ಕಾಣುವ ಗೌನಿನಲ್ಲಿ ಉದ್ದನೆಯ ಮೆಟ್ಟಿಲು ಇಳಿದು ಬರುವ ಹೆಂಗಸರು. ಮಾತು ಯಾರಿಗೂ ತಿಳಿಯದು, ಆದರೆ ಹೆಣ್ಣಿನ ಮುಂದೆ ಹ್ಯಾಟು ತೆಗೆಯುವುದು ಹೇಗೆ, ಮಳೆಯಲ್ಲಿ ಒಂದೇ ಕೊಡೆ ಹಿಡಿಯುವುದು ಹೇಗೆ ಎನ್ನುವುದನ್ನೆಲ್ಲ ನಮ್ಮೂರಿನ ಗಂಡಸರು ಅಲ್ಲಿಂದಲೇ ಕಲಿತದ್ದು.

ನನಗೆ ಇಪ್ಪತ್ತೆರಡು ಇದ್ದಾಗ ರಾಯಪ್ಪ ಒಂದು ಬಿಳಿ ಸೀರೆ ತಂದು ಅಪ್ಪನ ಮುಂದೆ ನಿಂತಿದ್ದ. ಊರಿಗೆಲ್ಲ ಅದ್ದುವವನು ಅಪ್ಪ, ಬೇರೆ ಯಾರ ಹತ್ತಿರ ಹೋಗುತ್ತಾನೆ? ಯಾರಿಗೆ ಎಂದು ಅಪ್ಪ ಕೇಳಿದ. ರಾಯಪ್ಪ ಕತ್ತು ತಿರುಗಿಸಿ ನಾನಿದ್ದ ಕಡೆ ನೋಡಿದ. ಬಣ್ಣ ತಿಳಿಯದವನಿಗೆ ಬಣ್ಣಗಾರನ ಮಗಳಾ ಎಂದು ಅಪ್ಪ ಆ ಸೀರೆಯನ್ನು ಅದ್ದದೆ ಕೈಗೆ ವಾಪಸು ಕೊಟ್ಟ. ಅಷ್ಟೆ. ಬೈಗಳೂ ಇಲ್ಲ, ಜಗಳವೂ ಇಲ್ಲ. ಅಪ್ಪ ತೀರಿಕೊಂಡ ಮೇಲೂ ಅವನು ಬರಲಿಲ್ಲ. ನಾನೇ ಹೋಗಿ ಕೇಳಲು ನನ್ನ ಬಿಗುಮಾನ ಬಿಡಲಿಲ್ಲ. ಬೀದಿಯಲ್ಲಿ ಸಿಕ್ಕರೆ ಮಾತಾಡುತ್ತಿದ್ದೆವು, ಹಬ್ಬಕ್ಕೆ ಕಜ್ಜಾಯ ಕಳಿಸುತ್ತಿದ್ದೆ, ಅವನು ಪಾಸು ಕಳಿಸುತ್ತಿದ್ದ. ಯಾವಾಗಲೂ ಒಂದೇ ಪಾಸು, ಬಾಲ್ಕನಿಯಲ್ಲಿ ಪ್ರೊಜೆಕ್ಟರ್ ರೂಮಿನ ಕಿಂಡಿಯ ಮುಂದಿನ ಸೀಟು.

ಟೀವಿಯವರ ಕಥೆಯಲ್ಲಿ ನಮ್ಮೂರಿನ ಪದ್ಧತಿಯನ್ನೇ ಸೇರಿಸಿದ್ದರು. ನಾಯಕ ಸೀರೆ ಕೊಡುತ್ತಾನೆ, ಏನೇನೋ ಅಪಾರ್ಥಗಳಾಗುತ್ತವೆ, ಕೊನೆಗೆ ಹಬ್ಬದ ಬೆಳಗ್ಗೆ ನಾಯಕಿ ಅದನ್ನುಟ್ಟು ಮೆಟ್ಟಿಲ ಮೇಲೆ ನಿಂತಾಗ ನಿಜವಾಗಿ ಬಣ್ಣ ಬರಬೇಕು, ಸೀರೆ ಕೆಂಪಗೆ ಅರಳಬೇಕು. ಮತ್ತೊಮ್ಮೆ ತೆಗೆಯುತ್ತೇನೆ ಎಂದರೆ ಒಂದು ವರ್ಷ ಕಾಯಬೇಕು. ಡೈರೆಕ್ಟರು ನಮ್ಮ ಹಿತ್ತಿಲಿಗೆ ಬಂದು ಕೈಮುಗಿದ. ನನ್ನ ಹತ್ತಿರ ಮಂಜಿಷ್ಠದ ಬೇರು ಉಳಿದದ್ದು ಒಂದೇ ಸೀರೆಗೆ ಆಗುವಷ್ಟು, ಅದನ್ನೆಲ್ಲ ಅವರಿಗೆ ಹಾಕಿದೆ. ಅವನು ಇನ್ನೊಂದು ಮಾತು ಹೇಳಿದ. ಆ ದೃಶ್ಯದಲ್ಲಿ ಊರಿನ ಹೆಂಗಸರೂ ನಿಲ್ಲಬೇಕು, ಬಣ್ಣಗಾತಿಯೇ ನಾಯಕಿಯ ಪಕ್ಕದಲ್ಲಿ ನಿಲ್ಲಬೇಕು. ನೀವು ನಿಮ್ಮ ಒಳ್ಳೇ ಸೀರೆ ಉಟ್ಕೊಳ್ಳಿ, ಇಡೀ ನಾಡು ನೋಡುತ್ತೆ ಎಂದ. ಸುಳ್ಳು ಯಾಕೆ ಹೇಳಲಿ, ನಾನು ಉಬ್ಬಿಹೋದೆ. ಪೆಟ್ಟಿಗೆಯಲ್ಲಿದ್ದ ನನ್ನ ನವಿಲುನೀಲಿಯನ್ನು ತೆಗೆದು ಗಾಳಿಗೆ ಹಾಕಿದೆ. ಅಪ್ಪ ಅದ್ದಿದ ಕೊನೆಯ ಸೀರೆ ಅದು.

ನಾಯಕಿ ಶರ್ವಾಣಿ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಇಳಿದುಕೊಂಡಳು. ಹಂಡೆಗಳ ದೆಸೆಯಿಂದ ಸದಾ ಬಿಸಿನೀರು ಸಿಗುವ ಮನೆ ನಮ್ಮದೊಂದೇ. ಅವಳಿಗೆ ನಲವತ್ತರ ಹತ್ತಿರ. ಸಿನಿಮಾದಲ್ಲಿ ನಾಯಕನ ಅತ್ತಿಗೆಯ ಪಾತ್ರಕ್ಕೆ ಇಳಿಸಿದ್ದರು, ಟೀವಿಯವರು ಮತ್ತೆ ನಾಯಕಿ ಮಾಡಿದ್ದರು. ಒಳ್ಳೆಯವಳು. ನನ್ನ ಜೊತೆ ಅಡಿಗೆಮನೆಯಲ್ಲಿ ಮಣೆ ಹಾಕಿಕೊಂಡು ಕೂತು ಚಕ್ಕುಲಿ ಒತ್ತುತ್ತಿದ್ದಳು, ಜ್ಞಾನಕ್ಕ ಜ್ಞಾನಕ್ಕ ಎಂದು ಕರೆಯುತ್ತಿದ್ದಳು. ಅವಳನ್ನು ದ್ವೇಷಿಸುವುದು ಕಷ್ಟವಿತ್ತು. ಆದರೂ ಒಂದು ವಾರ ಅದನ್ನು ಮನಸ್ಸಿಟ್ಟು ಮಾಡಿದೆ.

ಆದದ್ದು ಇಷ್ಟು. ಪ್ಯಾಲೇಸ್ ಟಾಕೀಸಿನ ಒಳಗೆ ಹೋದ ಕೂಡಲೇ ಬಾಲ್ಕನಿಗೆ ಹತ್ತುವ ದೊಡ್ಡ ಮೆಟ್ಟಿಲಿದೆ, ಶೂಟಿಂಗ್ ಅಲ್ಲಿ ನಡೆಯುತ್ತಿತ್ತು. ಶರ್ವಾಣಿಗೆ ರವಿಕೆ ಕೊಡಲು ನಾನು ಹೋದಾಗ ಊಟದ ಬಿಡುವು, ಜನವೆಲ್ಲ ಹೊರಗೆ ಎಲೆ ಮುಂದೆ ಕೂತಿದ್ದರು. ಒಳಗೆ ಇಬ್ಬರೇ. ಶರ್ವಾಣಿ ಮೆಟ್ಟಿಲ ಮೇಲಿದ್ದಳು. ಕೆಳಗೆ ರಾಯಪ್ಪ, ತಲೆಯ ಮೇಲೆ ನಾಯಕನ ಹ್ಯಾಟು, ಕೈಯಲ್ಲೊಂದು ಕಾಗದದ ಕಟ್ಟು. ಹ್ಯಾಟು ತೆಗೆದು ಎದೆಗೆ ಹಿಡಿದು, ಬೆನ್ನು ಬಾಗಿಸಿ, ಕಟ್ಟನ್ನು ಅವಳ ಕೈಗಿಟ್ಟ. ಅವಳು ಏನೋ ಹೇಳಿದಳು. ಅವನು ಹುಡುಗನ ಹಾಗೆ ನಾಚಿ ನಕ್ಕು ಮತ್ತೊಮ್ಮೆ ಕೊಟ್ಟ. ಆ ನಗು ನಾನು ನೋಡಿ ಎಷ್ಟು ವರ್ಷವಾಗಿತ್ತೋ. ರವಿಕೆಯನ್ನು ಟಿಕೆಟ್ ಕಿಟಕಿಯ ಮೇಲೆ ಇಟ್ಟು ಮನೆಗೆ ಬಂದುಬಿಟ್ಟೆ. ಹೊಟ್ಟೆ ಉರಿಯಿತು, ಉರಿದದ್ದನ್ನು ಉರಿಯಿತು ಎನ್ನಬೇಕು.

ಮಾರನೆಯ ದಿನ ಬೆಳಗ್ಗೆ ಅವನೇ ಹಿತ್ತಿಲ ಬಾಗಿಲಲ್ಲಿ. ಬಗಲಲ್ಲಿ ಒಂದು ಬಿಳಿ ಸೀರೆ. ಚೆನ್ನಾದ ಸೀರೆ, ಆದರೆ ಬಹಳ ಕಾಲ ಮಡಿಸಿ ಇಟ್ಟದ್ದು, ಮಡಿಕೆಗಳ ಗೆರೆ ಬಿದ್ದಿತ್ತು. ಅಂಗಡಿಯವನು ಹಳೇ ಸರಕು ತಲೆಗೆ ಕಟ್ಟಿದ್ದಾನೆ ಎಂದುಕೊಂಡೆ. ಅವನು ನನ್ನ ಮುಖ ನೋಡದೆ, ಕೆಂಪು ಅದ್ದಿಕೊಡು, ಕೆಂಪು ಚೆನ್ನಾಗಿರುತ್ತೆ ಅಂತ ಎಲ್ಲರೂ ಹೇಳುತ್ತಾರಲ್ಲ ಎಂದ. ಕೆಂಪೆಲ್ಲ ಟೀವಿಯವರ ಪಾಲಾಯಿತು ಎಂದೆ. ಯಾರಿಗೆ ಎಂದು ಕೇಳಲಿಲ್ಲ. ಕೇಳುವುದೇನಿದೆ, ಕಣ್ಣಾರೆ ನೋಡಿದ್ದೆನಲ್ಲ.

“ಹಾಗಾದ್ರೆ ನಿನಗೆ ಇಷ್ಟ ಬಂದದ್ದು ಅದ್ದು, ಜ್ಞಾನಮ್ಮ” ಅಂದ. “ನನಗೆ ಹೇಗೂ ಗೊತ್ತಾಗಲ್ಲ.”

“ಉಡೋವಳಿಗೆ ಗೊತ್ತಾಗುತ್ತಲ್ಲ.”

“ಅದಕ್ಕೇ ಹೇಳಿದ್ದು, ನಿನಗೆ ಇಷ್ಟ ಬಂದದ್ದು ಅಂತ.”

ಈಗ ಇದನ್ನು ಓದುತ್ತಿರುವ ನಿಮಗೆ ಎಲ್ಲ ಹೊಳೆದಿರಬಹುದು. ನನಗೆ ಹೊಳೆಯಲಿಲ್ಲ. ಸಿಟ್ಟು ನೆತ್ತಿಗೇರಿದವಳಿಗೆ ಎದುರಿನ ಕಂಬವೂ ಕಾಣುವುದಿಲ್ಲ. ಅವನು ಹೋದ ಮೇಲೆ ಸೀರೆಯನ್ನು ತೆಗೆದುಕೊಂಡು ಹೋಗಿ ಸೀದಾ ಕಲಗಚ್ಚಿನ ಹಂಡೆಗೆ ಮುಳುಗಿಸಿದೆ. ಉದ್ದನೆಯ ಕೋಲಿನಿಂದ ಚೆನ್ನಾಗಿ ತಿರುವಿದೆ. ಸಿನಿಮಾದವಳು ಇದನ್ನುಟ್ಟು ಮೆಟ್ಟಿಲ ಮೇಲೆ ನಿಲ್ಲಲಿ, ಇಡೀ ನಾಡು ನೋಡಲಿ ಎಂದುಕೊಂಡೆ. ಒಂದು ಗಳಿಗೆ ಬಹಳ ಹಿತವೆನಿಸಿತು. ಮಧ್ಯಾಹ್ನ ಊಟಕ್ಕೆ ಕೂತವಳು ತಟ್ಟೆ ಸರಿಸಿದೆ. ತೆಗೆದು ಜಾಲಿಸಲೇ ಎಂದು ಎದ್ದು ಹೋದೆ. ಅಷ್ಟರಲ್ಲಿ ಬಣ್ಣ ಹಿಡಿದಾಗಿತ್ತು. ಒಣಗಿದ ಮೇಲೆ ಅವನು ಬಂದು, ಮೂಸಿ ಕೂಡ ನೋಡದೆ, ಜೋಪಾನವಾಗಿ ಮಡಿಸಿಕೊಂಡು ಹೋದ.

ಹಬ್ಬದ ಹಿಂದಿನ ದಿನ ಸಂಜೆ ನಾನು ಟೀವಿಯವರ ಕೆಂಪು ಸೀರೆಗೆ ಇಸ್ತ್ರಿ ಹಾಕುತ್ತಿದ್ದೆ. ಬಾಗಿಲು ತಟ್ಟಿದ ಸದ್ದು. ತೆರೆದರೆ ರಾಯಪ್ಪ. ತಲೆಯ ಮೇಲೆ ಹ್ಯಾಟು, ಅದೂ ಅವನ ತಲೆಗಿಂತ ಒಂದು ಸುತ್ತು ದೊಡ್ಡದು. ಅದನ್ನು ತೆಗೆದು ಎದೆಗೆ ಹಿಡಿದ, ಬೆನ್ನು ಬಾಗಿಸಿದ, ಕಾಗದದ ಕಟ್ಟನ್ನು ಚಾಚಿದ. ಎಲ್ಲ ಅಂದು ನೋಡಿದ ಹಾಗೇ. ಶರ್ವಾಣಿ ಒಳಗಿದ್ದಾಳೆ, ಕರೆಯುತ್ತೇನೆ ಎಂದೆ.

“ಅವರನ್ನ್ಯಾಕೆ ಕರೀತೀಯ?” ಅಂದ. ಆಮೇಲೆ ಒಂದೇ ಉಸಿರಿಗೆ ಹೇಳಿದ. “ಅವತ್ತು ನಿಮ್ಮಪ್ಪ ಅದ್ದಲ್ಲ ಅಂದ್ರಲ್ಲ, ಅದೇ ಸೀರೆ. ಇನ್ನೊಂದು ತರೋಕೆ ಮನಸ್ಸು ಬರಲಿಲ್ಲ. ಕೊಡೋದು ಹೇಗೆ ಅಂತ ಶರ್ವಾಣಿಯಮ್ಮನ್ನ ಕೇಳಿ ಕಲಿತುಕೊಂಡೆ. ಇಷ್ಟವಿದ್ರೆ ಉಡು. ಇಲ್ಲದಿದ್ರೆ ಬೇಜಾರಿಲ್ಲ.”

ಬೇಜಾರಿಲ್ಲ ಎನ್ನುತ್ತಲೇ ಕಟ್ಟನ್ನು ನನ್ನ ಕೈಗಿಟ್ಟ. ನಾನು ಅದನ್ನು ಹಿಡಿದು ಹೊಸ್ತಿಲಲ್ಲೇ ನಿಂತೆ. ಸೀರೆ ಕೊಟ್ಟಾಗ ಹೆಣ್ಣು ಮಾತಾಡಬಾರದೆಂಬ ಪದ್ಧತಿ ಇರುವುದರಿಂದ ಅವನು ತಪ್ಪು ತಿಳಿಯಲಿಲ್ಲ, ಹ್ಯಾಟನ್ನು ಮತ್ತೆ ಕಿವಿಯವರೆಗೆ ಇಳಿಸಿಕೊಂಡು ಹೊರಟುಹೋದ. ಕಟ್ಟಿನ ಮೇಲೆ ಪನ್ನೀರು ಚಿಮುಕಿಸಿದ್ದ. ಅದರ ಒಳಗಿನಿಂದ ಕಲಗಚ್ಚಿನ ವಾಸನೆ ನನ್ನ ಮೂಗಿಗೆ ನೇರವಾಗಿ ಬಂತು.

ಶರ್ವಾಣಿ ಹೊರಗೆ ಬಂದಾಗ ನಾನು ಮಂಚದ ಮೇಲೆ ಕೂತು ನಗುತ್ತಿದ್ದೆ, ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಅವಳು ಖುಷಿಗೆ ಎಂದುಕೊಂಡು ತಬ್ಬಿಕೊಂಡಳು. ಒಂದು ವಾರದಿಂದ ಆ ಮನುಷ್ಯ ಊಟದ ಬಿಡುವಿನಲ್ಲಿ ಅಭ್ಯಾಸ ಮಾಡಿದ್ದನ್ನು, ಹೆಸರು ಹೇಳು ಎಂದರೂ ಹೇಳದೆ ಬಾಲ್ಕನಿಯ ಒಂದು ಸೀಟು ತೋರಿಸಿದ್ದನ್ನು ಹೇಳಿದಳು. ಆಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. ಸೀರೆ ನಿನಗೆ ಎಂದುಕೊಂಡದ್ದು, ಏಳನೇ ಹಂಡೆ, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೆಲಕ್ಕೆ ಕುಸಿದು ನಕ್ಕಳು.

ನಕ್ಕು ಮುಗಿದ ಮೇಲೆ ಕಟ್ಟು ಬಿಚ್ಚಿ ಸೀರೆಯನ್ನು ಮಂಚದ ಮೇಲಿಟ್ಟೆ. ಉಡದಿದ್ದರೆ ಅವನಿಗೆ ಎರಡನೆಯ ಸಲ ಇಲ್ಲವೆಂದ ಹಾಗೆ. ಮೊದಲ ಸಲ ಅಪ್ಪ, ಈಗ ಮಗಳು, ಇನ್ನು ಕೇಳುವಂತೆಯೂ ಇಲ್ಲ. ಉಟ್ಟರೆ ನಾನು, ಇನ್ನಾಸಪ್ಪನ ಮಗಳು, ಊರಿನ ಒಬ್ಬಳೇ ಬಣ್ಣಗಾತಿ, ಕ್ಯಾಮೆರಾದ ಮುಂದೆ ಇಡೀ ನಾಡಿಗೆ ಕಾಣುವ ಹಾಗೆ ಗೋಣಿತಾಟಿನ ಬಣ್ಣದಲ್ಲಿ ನಿಲ್ಲಬೇಕು. ಆಮೇಲೆ ನನ್ನ ಹತ್ತಿರ ಯಾರು ಸೀರೆ ತರುತ್ತಾರೆ? ಅದೂ ಹೋಗಲಿ. ರಾಯಪ್ಪನಿಗೆ ಕಾಣದಿದ್ದರೂ ಊರಿಗೆ ಕಾಣುತ್ತದೆ. ಹೆಣ್ಣಿಗೆ ಕೆಸರು ಕೊಟ್ಟ ಎಂದು ಅವನನ್ನು ನೋಡಿ ನಗುತ್ತಾರೆ. ನಗಿಸಿದವಳು ನಾನಾಗುತ್ತೇನೆ. ನನಗೆ ಹೆಚ್ಚು ಚುಚ್ಚಿದ್ದು ಅದು.

ಮಂಚದ ಮೇಲೆ ಎರಡು ಸೀರೆಗಳೂ ಪಕ್ಕಪಕ್ಕದಲ್ಲಿ ಇದ್ದವು. ಬಿಳಿಕಪ್ಪಿನಲ್ಲಿ ಎರಡೂ ಒಂದೇ ಬೂದು. ಶರ್ವಾಣಿ ಒಮ್ಮೆ ಅದನ್ನು ನೋಡಿದಳು, ಒಮ್ಮೆ ಇದನ್ನು ನೋಡಿದಳು.

“ಜ್ಞಾನಕ್ಕ, ನೀವು ಕೆಂಪು ಉಟ್ಕೊಳ್ಳಿ” ಅಂದಳು. “ಬೆಳಕಾಗೋವರೆಗೂ ಯಾರಿಗೂ ತಿಳಿಯಲ್ಲ. ನನಗೆ ಸಿನಿಮಾದಲ್ಲಿ ಯಾರ್ಯಾರೋ ಕೆಂಪು ಸೀರೆ ಕೊಟ್ಟಿದ್ದಾರೆ, ಪ್ಯಾಕಪ್ ಆದ ಮೇಲೆ ವಾಪಸು ಇಸ್ಕೊಂಡಿದ್ದಾರೆ. ಡೈರೆಕ್ಟರು ಬೈದ್ರೆ ಬೈಸ್ಕೊತೀನಿ.”

ತಮಾಷೆಗೆ ಹೇಳಿದ್ದಲ್ಲ. ಈ ಚಿತ್ರ ಕೆಟ್ಟರೆ ಅವಳು ಮತ್ತೆ ಅತ್ತಿಗೆಯಾಗುತ್ತಾಳೆ, ಅದು ಗೊತ್ತಿದ್ದೂ ಹೇಳಿದಳು. ನಾನು ಕೆಂಪನ್ನು ಕೈಗೆತ್ತಿಕೊಂಡೆ. ಮಂಜಿಷ್ಠದ ಒಳ್ಳೆಯ ವಾಸನೆ, ನಾನೇ ಅದ್ದಿದ್ದು, ನನ್ನ ಕೈಯ ಅತ್ಯುತ್ತಮ ಕೆಲಸ. ಉಡುತ್ತೇನೆ ಎಂದೇ ಎತ್ತಿಕೊಂಡದ್ದು. ಆಮೇಲೆ ಇನ್ನೊಂದರ ಮೇಲೆ ಕೈಯಾಡಿಸಿದೆ. ಹಳೆಯ ಮಡಿಕೆಯ ಗೆರೆಗಳು ಬೆರಳಿಗೆ ಸಿಕ್ಕವು. ಇಷ್ಟು ವರ್ಷ ಆ ಗೆರೆಗಳ ಮೇಲೆಯೇ ಮತ್ತೆ ಮತ್ತೆ ಮಡಿಸಿ, ಪಿಕ್ಚರಿನ ಡಬ್ಬಿಗಳ ನಡುವೆ ಎಲ್ಲೋ ಇಟ್ಟುಕೊಂಡಿದ್ದಾನೆ. ಅಂಗಡಿಯವನು ಹಳೇ ಸರಕು ಕೊಟ್ಟಿದ್ದಾನೆ ಎಂದುಕೊಂಡಿದ್ದೆನಲ್ಲ ನಾನು.

“ಬೇಡಮ್ಮ” ಅಂದೆ. “ಅವನು ಕೊಟ್ಟಿದ್ದು ಇದನ್ನ.”

ಬೆಳಗಿನ ಪೂಜೆ ಮುಗಿದಾಗ ಹೊರಗೆ ಇನ್ನೂ ಮಬ್ಬು. ಸೀರೆ ಪಡೆದ ಹೆಂಗಸರೆಲ್ಲ ಮೆಟ್ಟಿಲ ಮೇಲೆ ನಿಂತೆವು. ಬಹುಪಾಲು ಇಪ್ಪತ್ತರ ಹುಡುಗಿಯರು, ಅವರ ನಡುವೆ ನಾನು. ಶೂಟಿಂಗಿಗೆ ನಿಂತಿದ್ದಾಳೆ ಎಂದು ಕೆಲವರು ತಿಳಿದರು, ನನ್ನ ಕಣ್ಣು ಎತ್ತ ಹೋಗುತ್ತಿದೆ ಎಂದು ನೋಡಿದವರು ಪಕ್ಕದವರ ಪಕ್ಕೆ ತಿವಿದರು. ಕೆಳಗೆ ಗಂಡಸರ ಸಾಲಿನಲ್ಲಿ ರಾಯಪ್ಪ, ಹ್ಯಾಟು ಕೈಯಲ್ಲಿ. ನಾನು ಉಟ್ಟದ್ದನ್ನು ನೋಡಿದ ಕೂಡಲೇ ಅವನು ತಲೆ ತಗ್ಗಿಸಿ ಹ್ಯಾಟಿನ ಒಳಗೆ ನೋಡತೊಡಗಿದ. ಅಳುತ್ತಿದ್ದಾನೆ ಎಂದು ನನಗೆ ಗೊತ್ತಾಯಿತು. ಇನ್ನು ಎರಡು ನಿಮಿಷಕ್ಕೆ ಊರೆಲ್ಲ ನಗುತ್ತದಲ್ಲಪ್ಪ ಎಂದು ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೆ. ಡೈರೆಕ್ಟರು ಕೈ ಎತ್ತಿದ. ಶರ್ವಾಣಿ ನನ್ನ ಬಲಗೈ ಹಿಡಿದುಕೊಂಡಳು.

ನೀರಿನ ಟ್ಯಾಂಕಿನ ಹಿಂದೆ ಬೆಳಕು ಎದ್ದಿತು. ಮೊದಲು ಚರ್ಚಿನ ಹೆಂಚು ಬಂತು, ಆಮೇಲೆ ಬಾದಾಮಿ ಮರ, ಆಮೇಲೆ ಯಾರದೋ ಕೋಳಿಯ ಜುಟ್ಟು. ಬಣ್ಣ ಮೆಟ್ಟಿಲು ಹತ್ತಿ ಬಂತು. ಹುಡುಗಿಯರು ಒಬ್ಬೊಬ್ಬರೇ ಹಳದಿಯಾದರು, ನೇರಳೆಯಾದರು, ಗಿಳಿಹಸಿರಾದರು, ಒಬ್ಬಳು ಕಿತ್ತಳೆಯಾಗಿ ತನ್ನನ್ನು ತಾನೇ ನೋಡಿಕೊಂಡು ಚೀರಿದಳು. ಶರ್ವಾಣಿಯ ಸೀರೆ ಕಾಲಿನಿಂದ ಸೆರಗಿನವರೆಗೆ ಕೆಂಪಗೆ ಹತ್ತಿಕೊಂಡಿತು. ಜನ ಹೋ ಎಂದರು. ಅಪ್ಪ ಇದ್ದಿದ್ದರೆ ತಲೆದೂಗುತ್ತಿದ್ದ, ಅಂಥ ಕೆಂಪು. ಅದರ ಪಕ್ಕದಲ್ಲಿ ನಾನು ಕಲಗಚ್ಚಾದೆ.

ಹೋ ಎನ್ನುವುದು ಅರ್ಧಕ್ಕೆ ನಿಂತಿತು. ಯಾರೋ ಕಿಸಕ್ಕೆಂದರು, ಯಾರೋ ಅವರನ್ನು ಗದರಿದರು. ಕ್ಯಾಮೆರಾದ ಹಿಂದೆ ಡೈರೆಕ್ಟರ ಬಾಯಿ ತೆರೆದೇ ಇತ್ತು. ರಾಯಪ್ಪ ಸದ್ದು ಅಡಗಿದ್ದನ್ನು ಕೇಳಿ ತಲೆ ಎತ್ತಿದ, ಸುತ್ತಲಿನವರ ಮುಖ ನೋಡಿದ, ಏನೋ ಹೆಚ್ಚುಕಡಿಮೆಯಾಗಿದೆ ಎಂದು ಅವನಿಗೆ ತಿಳಿಯಿತು. ಪದ್ಧತಿಯಂತೆ ಗಂಡು ಕೆಳಗೇ ಕಾಯಬೇಕು. ಅವನು ಕಾಯಲಿಲ್ಲ. ಮೆಟ್ಟಿಲು ಹತ್ತಿ ನನ್ನ ಮುಂದೆ ಬಂದು ನಿಂತ. ಏನಾಯಿತು ಜ್ಞಾನಮ್ಮ, ಬಣ್ಣ ಚೆನ್ನಾಗಿಲ್ಲವಾ ಎಂದು ಮೆಲ್ಲಗೆ ಕೇಳಿದ.

ಸುಳ್ಳು ಹೇಳಬೇಕೆಂದುಕೊಂಡಿದ್ದೆ. ಅವನ ಮುಖ ನೋಡಿ ಆಗಲಿಲ್ಲ.

“ಇದು ಕಲಗಚ್ಚಿನ ಬಣ್ಣ ಕಣೋ” ಅಂದೆ. “ಬೇರೆ ಯಾರಿಗೋ ತಂದಿದ್ದೀಯ ಅಂತ ಹೊಟ್ಟೆಕಿಚ್ಚಿಗೆ ಅದರಲ್ಲಿ ಅದ್ದಿದೆ.”

ಅವನು ನನ್ನ ಸೀರೆಯನ್ನು ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ನೋಡಿದ. ಹೊಟ್ಟೆಕಿಚ್ಚು ಎಂಬ ಮಾತು ತಲೆಗೆ ಇಳಿಯುತ್ತಿದ್ದ ಹಾಗೆ ಅಂದು ಟಾಕೀಸಿನ ಮೆಟ್ಟಿಲ ಬಳಿ ಕಂಡ ನಗು, ಅದೇ ನಗು, ಅವನ ಮುಖಕ್ಕೆ ಬಂತು. ಆಮೇಲೆ ಪಕ್ಕದಲ್ಲಿ ಧಗಧಗಿಸುತ್ತಿದ್ದ ಶರ್ವಾಣಿಯನ್ನು ನೋಡಿದ, ಮತ್ತೆ ನನ್ನನ್ನು ನೋಡಿದ, ಮತ್ತೆ ಅವಳನ್ನು.

“ಅವರದ್ದೂ ಇದೇ ಬಣ್ಣ ಅಲ್ವಾ?” ಅಂದ.

ಶರ್ವಾಣಿ ನನ್ನ ಕೈಯನ್ನು ಗಟ್ಟಿಯಾಗಿ ಒತ್ತಿದಳು. ಕೆಳಗೆ ಊರೇ ಕಿವಿಗೊಟ್ಟು ನಿಂತಿತ್ತು.

“ಹೌದು” ಅಂದೆ, “ಇದೇ ಬಣ್ಣ.”